ಅಮೆರಿಕದ ಜಗಲಿ ಮೇಲೆ ಯಾಕೆ ಯಾರೂ ಕೂರುವುದಿಲ್ಲ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಇವೆ. ಅಮೆರಿಕದ ಸಣ್ಣ ಊರುಗಳ ಹಳೆಯ ಮನೆಗಳ ಬಗ್ಗೆ, ಅಲ್ಲಿನ ಪೋರ್ಚ್ ಮತ್ತು ಅಕ್ಕಪಕ್ಕದವರ ಒಡನಾಟದ ಬಗ್ಗೆ ಹೋದ ಸಲ ನಾಲ್ಕು ಸಾಲು ಬರೆದಿದ್ದೆ ನೋಡಿ, ಅದೇ ಕಾರಣ. ಮಕ್ಕಳು ಅಲ್ಲಿರುವವರು, ಆರು ತಿಂಗಳು ಹೋಗಿ ಬಂದವರು, ಅಲ್ಲೇ ನೆಲೆಸಿದವರು ಎಲ್ಲರೂ ಬರೆದಿದ್ದೀರಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತಳ್ಳಿ ಇದನ್ನೇ ಹಿಡಿದಿದ್ದೇನೆ. ಪೋರ್ಚ್ ಅಂದರೆ ಕಾರು ನಿಲ್ಲಿಸುವ ಪೋರ್ಟಿಕೋ ಅಂದುಕೊಳ್ಳಬೇಡಿ. ಮುಂಬಾಗಿಲಿಗೆ ಸೇರಿದ, ಮೇಲೆ ಮಾಡು ಇರುವ, ರಸ್ತೆಗೆ ಮುಖ ಮಾಡಿದ ಜಗಲಿ ಅದು. ನಾನು ಜಗಲಿ ಅಂತಲೇ ಬರೆಯುತ್ತೇನೆ.

ಪ್ರಶ್ನೆ: ಮಗಳ ಮನೆಗೆಂದು ಒಹಾಯೋಗೆ ಹೋಗಿದ್ದೆ. ಅವರ ಬಡಾವಣೆಯಲ್ಲಿ ಪ್ರತಿ ಮನೆಗೂ ಮುಂದೆ ಚಂದದ ಜಗಲಿ, ಅದರ ಮೇಲೆ ಎರಡು ಕುರ್ಚಿ, ಹೂವಿನ ಕುಂಡ. ಕೂತವರನ್ನು ಮಾತ್ರ ಒಂದು ದಿನವೂ ನೋಡಲಿಲ್ಲ. ಕೂರುವುದಿಲ್ಲ ಅಂದಮೇಲೆ ಕಟ್ಟುವುದೇಕೆ? ಮೊದಲು ಎಲ್ಲರೂ ಕೂರುತ್ತಿದ್ದರು ಅಂತ ಅಳಿಯ ಹೇಳುತ್ತಾನೆ. ನಿಜವೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಅಳಿಯಂದಿರು ಹೇಳಿದ್ದು ನಿಜ ಮೇಡಂ, ಕೂರುತ್ತಿದ್ದರು. ಯಾಕೆ ಕೂರುತ್ತಿದ್ದರು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ‘ಆಗಿನ ಜನ ಒಳ್ಳೆಯವರು, ಈಗಿನವರಿಗೆ ಪುರುಸೊತ್ತಿಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಸಿಗೆಯ ಸಂಜೆ ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ, ಅದಕ್ಕೇ ಹೊರಗೆ ಬರುತ್ತಿದ್ದರು. ಹೊರಗೆ ಬಂದಮೇಲೆ ಪಕ್ಕದ ಮನೆಯವರೂ ಅದೇ ಸೆಕೆಗೆ ಹೊರಗೆ ಬಂದಿರುತ್ತಿದ್ದರು. ಮಾತಾಡದೆ ಇನ್ನೇನು ಮಾಡುತ್ತಾರೆ?

ಈ ಜಗಲಿ ಅಲ್ಲಿಗೆ ಬಂದ ಕತೆಯೇ ಸ್ವಾರಸ್ಯ. ಇಂಗ್ಲೆಂಡಿನ ಚಳಿಯಿಂದ ಬಂದವರ ಮೊದಮೊದಲ ಮನೆಗಳಿಗೆ ಇಂಥ ಅಗಲವಾದ ಜಗಲಿ ಇರಲಿಲ್ಲ. ದಕ್ಷಿಣದ ರಾಜ್ಯಗಳ ಸೆಕೆ, ಕೆರಿಬಿಯನ್ ದ್ವೀಪಗಳ ಮನೆಗಳು, ಗುಲಾಮರಾಗಿ ತಂದ ಆಫ್ರಿಕನ್ನರ ಕಟ್ಟುವ ರೀತಿ, ಎಲ್ಲ ಸೇರಿ ಅದು ರೂಪುಗೊಂಡಿತು. ನ್ಯೂ ಆರ್ಲಿಯನ್ಸ್‌ನಲ್ಲಿ ‘ಶಾಟ್‌ಗನ್ ಮನೆ’ ಅಂತ ಇದೆ. ಒಂದು ಕೋಣೆ ಅಗಲ, ಹಿಂದೆ ಹಿಂದೆ ಕೋಣೆಗಳು, ಮುಂದೆ ಜಗಲಿ. ಅದರ ಮೂಲ ಹೈಟಿಯಲ್ಲೂ ಪಶ್ಚಿಮ ಆಫ್ರಿಕಾದಲ್ಲೂ ಇದೆ ಅಂತ ಜಾನ್ ಮೈಕಲ್ ವ್ಲಾಕ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ಅಂದರೆ ಅಪ್ಪಟ ಅಮೆರಿಕನ್ ಅಂತ ಅವರು ಎದೆಗೊತ್ತಿಕೊಳ್ಳುವ ಜಗಲಿಯಲ್ಲಿ ಗುಲಾಮರ ಕೈಚಳಕ ಸಾಕಷ್ಟಿದೆ. ಆಮೇಲೆ 1840–50ರ ದಶಕದಲ್ಲಿ ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಎಂಬಾತ ಮನೆ ಕಟ್ಟುವವರಿಗಾಗಿ ಬರೆದ ಪುಸ್ತಕಗಳಲ್ಲಿ, ವೆರಾಂಡ ಇಲ್ಲದ ಮನೆ ಒಂದು ಮನೆಯೇ ಅನ್ನುವ ಧಾಟಿಯಲ್ಲಿ ಅದನ್ನು ಹೊಗಳಿದ. ಮರ ಕೊಯ್ಯುವ ಮಿಲ್ಲುಗಳು, ಅದನ್ನು ಸಾಗಿಸುವ ರೈಲು ಬಂದಮೇಲೆ ಜಗಲಿ ಕಟ್ಟುವುದು ಅಗ್ಗವಾಯಿತು. 1880ರಿಂದ 1920ರವರೆಗೆ ಅದರ ಸುಗ್ಗಿ ಕಾಲ.

ಖಾಲಿಯಾದದ್ದು ಹೇಗೆ ಅಂತ ನೋಡಿದರೆ ಒಬ್ಬನೇ ಕಳ್ಳ ಸಿಗುವುದಿಲ್ಲ. ಮೊದಲು ಕಾರು ಬಂತು. ನಡೆದು ಹೋಗುವವರನ್ನು ಕೂಗಿ ಕರೆಯಬಹುದು, ಕಾರಿನಲ್ಲಿ ಹೋಗುವವರನ್ನು ಕರೆಯುವುದೆಲ್ಲಿ, ಅವರು ಎಬ್ಬಿಸಿದ ಧೂಳು ಮಾತ್ರ ಜಗಲಿಗೆ. ಆಮೇಲೆ ಟಿವಿ. 1950ರಲ್ಲಿ ನೂರರಲ್ಲಿ 9 ಮನೆಗಳಲ್ಲಿ ಇದ್ದದ್ದು 1960ಕ್ಕೆ ನೂರರಲ್ಲಿ 87 ಮನೆಗಳಿಗೆ ಬಂದಿತ್ತು. ಹತ್ತೇ ವರ್ಷ! ಕೊನೆಗೆ ಏಸಿ. ವಿಲ್ಲಿಸ್ ಕ್ಯಾರಿಯರ್ ಅದನ್ನು 1902ರಲ್ಲಿ ಮಾಡಿದ್ದು ಮನುಷ್ಯರಿಗಾಗಿ ಅಲ್ಲ. ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕೆ. ಮನೆಗಳಿಗೆ ಬರಲು ಐವತ್ತು ವರ್ಷ ಬೇಕಾಯಿತು. 1960ರ ಜನಗಣತಿಯಲ್ಲೂ ನೂರಕ್ಕೆ 12 ಮನೆಗಳಲ್ಲಷ್ಟೇ ಏಸಿ ಇತ್ತು. ಇವತ್ತು ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಇದೆ. ಒಳಗೆ ತಂಪು, ಹೊರಗೆ ಸೆಕೆ ಮತ್ತು ಸೊಳ್ಳೆ. ನಾನಾದರೂ ಒಳಗೇ ಕೂರುತ್ತಿದ್ದೆ.

ಈ ಮಧ್ಯೆ ಮನೆಯೇ ತಿರುಗಿ ಕೂತಿತು. ನ್ಯೂಯಾರ್ಕ್ ಹತ್ತಿರದ ಲೆವಿಟೌನ್‌ನಲ್ಲಿ 1947ರಿಂದ 1951ರ ನಡುವೆ 17,000ಕ್ಕೂ ಜಾಸ್ತಿ ಮನೆಗಳನ್ನು ಕಟ್ಟಿದರು, ಯಂತ್ರದಲ್ಲಿ ಒತ್ತಿದಂತೆ. ಅಲ್ಲಿ ಕೂರುವಂಥ ಜಗಲಿ ಇಲ್ಲ. 1949ರ ಮಾದರಿಯಲ್ಲಂತೂ ಅಡುಗೆಮನೆ ಮುಂದಕ್ಕೆ ಬಂತು, ಹಾಲ್ ಹಿಂದಕ್ಕೆ ಹೋಯಿತು, ಹಾಲಿನ ದೊಡ್ಡ ಕಿಟಕಿ ಹಿತ್ತಲಿನ ಕಡೆ ತೆರೆಯಿತು. ಅಲ್ಲಿಂದಾಚೆ ಸಂಜೆ ಕಳೆಯುವ ಜಾಗ ಹಿತ್ತಲು ಅಂತಾಯಿತು. ಬೇಲಿ ಹಾಕಿದ ಹಿತ್ತಲಿಗೆ ಕರೆದವರು ಮಾತ್ರ ಬರಬಹುದು. ಜಗಲಿಯಲ್ಲಿದ್ದಾಗ ಕರೆಯದವರೂ ಎದುರಾಗುತ್ತಿದ್ದರು. ಇದೊಂದು ವ್ಯತ್ಯಾಸವೇ ಸಾಕು ಅನ್ನುತ್ತೇನೆ ನಾನು.

ಈಗ ನಿಮ್ಮ ಮೊದಲ ಪ್ರಶ್ನೆ. ಕೂರದಿದ್ದರೆ ಕಟ್ಟುವುದೇಕೆ? ಮಾರಲು! 1992ರಲ್ಲಿ ಹೊಸದಾಗಿ ಕಟ್ಟಿದ ಮನೆಗಳಲ್ಲಿ ಜಗಲಿ ಇದ್ದದ್ದು ನೂರಕ್ಕೆ 42ರಷ್ಟಕ್ಕೆ. ಆಮೇಲೆ ಅದು ಏರುತ್ತಾ ಹೋಗಿ 60 ದಾಟಿದೆ. ಏಸಿ ಇದ್ದೂ ಜಗಲಿ ಜಾಸ್ತಿಯಾಗಿದೆ ಅಂದರೆ ನೋಡಿ, ಜನ ಕೊಳ್ಳುತ್ತಿರುವುದು ಕೂರುವ ಜಾಗವನ್ನಲ್ಲ, ಅಜ್ಜ ಅಜ್ಜಿಯ ಕಾಲದ ಒಂದು ಚಿತ್ರವನ್ನು. ನೀವು ನೋಡಿದ ಆ ಎರಡು ಕುರ್ಚಿಗಳೂ ಹಾಗೇ. ಇನ್ನೊಂದು ಸಲ ಹೋದಾಗ ಟೇಪು ಹಿಡಿದು ಅಳೆಯಿರಿ. ಮನೆಯ ಗೋಡೆಯಿಂದ ಜಗಲಿಯ ಮುಂದಿನ ಅಂಚಿನವರೆಗೆ ನಾಲ್ಕು ಅಡಿ ಆಳ ಇದ್ದರೆ ಹೆಚ್ಚು. ಕ್ರಿಸ್ಟೋಫರ್ ಅಲೆಗ್ಸಾಂಡರ್ ಎಂಬ ವಾಸ್ತುಶಿಲ್ಪಿ ತನ್ನ ಸಂಗಡಿಗರ ಜೊತೆ 1977ರಲ್ಲೇ ಬರೆದಿಟ್ಟಿದ್ದಾನೆ, ಆರು ಅಡಿಗಿಂತ ಕಡಿಮೆ ಆಳದ ಬಾಲ್ಕನಿ, ಜಗಲಿಗಳನ್ನು ಯಾರೂ ಬಳಸುವುದಿಲ್ಲ ಅಂತ. ನಾಲ್ಕು ಜನ ಸುತ್ತ ಕೂತು, ಮಧ್ಯೆ ಒಂದು ಸಣ್ಣ ಮೇಜು ಇಟ್ಟು, ಕಾಲು ಚಾಚಬೇಕಲ್ಲ.

ಪ್ರಶ್ನೆ: ಜಗಲಿಯಲ್ಲೇ ಕೂತು ಒಬ್ಬರು ಅಮೆರಿಕದ ಅಧ್ಯಕ್ಷರಾದರಂತೆ! ಇದು ವಾಟ್ಸಾಪ್ ಸುದ್ದಿಯೋ, ನಿಜವೋ?
– ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ನಿಜ. ಅಪರೂಪಕ್ಕೆ ವಾಟ್ಸಾಪ್ ಗೆದ್ದಿದೆ.

1896ರ ಚುನಾವಣೆ. ವಿಲಿಯಂ ಮೆಕಿನ್ಲಿ ಒಹಾಯೋದ ಕ್ಯಾಂಟನ್ ಊರಿನ ತಮ್ಮ ಮನೆ ಬಿಟ್ಟು ಕದಲಲಿಲ್ಲ. ಎದುರಾಳಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ರೈಲಿನಲ್ಲಿ 18,000 ಮೈಲಿ ಸುತ್ತಿ ಸುಮಾರು 600 ಭಾಷಣ ಮಾಡಿದರು. ಮೆಕಿನ್ಲಿ ಜಗಲಿ ಮೇಲೆ ನಿಂತರು, ಜನರೇ ರೈಲು ಹತ್ತಿ ಬಂದರು. ಸುಮಾರು ಏಳೂವರೆ ಲಕ್ಷ ಜನ! ಬಂದವರ ಕಾಲ್ತುಳಿತಕ್ಕೆ ಮನೆ ಮುಂದಿನ ಹುಲ್ಲು ನೆಲಸಮ, ನೆನಪಿಗೆ ಅಂತ ಬೇಲಿಯ ಚೂರುಗಳೂ ಮಾಯ. ಮೆಕಿನ್ಲಿ ಗೆದ್ದರು. ಅವರಿಗಿಂತ ಮೊದಲು 1880ರಲ್ಲಿ ಗಾರ್‌ಫೀಲ್ಡ್, 1888ರಲ್ಲಿ ಬೆಂಜಮಿನ್ ಹ್ಯಾರಿಸನ್, ಆಮೇಲೆ 1920ರಲ್ಲಿ ಹಾರ್ಡಿಂಗ್ ಕೂಡ ಹೀಗೇ ಮನೆ ಮುಂದೆ ನಿಂತು ಗೆದ್ದವರು.

ಸರಳ ಮನುಷ್ಯ, ಮನೆ ಬಾಗಿಲಲ್ಲೇ ಸಿಗುತ್ತಾನೆ ಅನ್ನುವ ಭಾವನೆ ಮೂಡಿಸುವುದೇ ಇದರ ಗುಟ್ಟು. ಒಳಗಿನ ಕತೆ ಬೇರೆ. ಬಂದ ಗುಂಪಿನ ಮುಖಂಡ ಏನು ಮಾತಾಡಬೇಕು ಅನ್ನುವುದನ್ನು ಮೊದಲೇ ತರಿಸಿಕೊಂಡು ತಿದ್ದುತ್ತಿದ್ದರು. ರೈಲು ಕಂಪನಿಗಳು ಟಿಕೆಟ್ ದರ ಇಳಿಸಿದ್ದವು. ಮಾರ್ಕ್ ಹ್ಯಾನಾ ಎಂಬ ಸಿರಿವಂತ ಉದ್ಯಮಿ ದೊಡ್ಡ ದೊಡ್ಡ ಕಂಪನಿಗಳಿಂದ ಲಕ್ಷಾಂತರ ಡಾಲರ್ ಎತ್ತಿ ಪ್ರಚಾರಕ್ಕೆ ಸುರಿದ. ಜಗಲಿಯ ಹಂಬಲವನ್ನು ಬಳಸಿಕೊಳ್ಳುವ ಚಾಳಿ ಬಿಲ್ಡರ್‌ಗಳಿಗಿಂತ ಮೊದಲು ರಾಜಕಾರಣಿಗಳಿಗೆ ಹತ್ತಿತ್ತು, ಅಷ್ಟೇ.

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಪಕ್ಕದ ಮನೆಯ ಹಿರಿಯರು ತಮ್ಮ ಬಾಲ್ಯದ ಸಣ್ಣ ಊರಿನ ಬಗ್ಗೆ ಹೇಳುವಾಗ ಕಣ್ಣು ತುಂಬಿಕೊಳ್ಳುತ್ತಾರೆ. ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲವಂತೆ, ಯಾರ ಮನೆ ಮಗು ಯಾರ ಮನೆಯಲ್ಲಿ ಬೇಕಾದರೂ ಉಣ್ಣುತ್ತಿತ್ತಂತೆ. ಕೇಳಿದಾಗ ನನಗೂ ಆಸೆಯಾಗುತ್ತದೆ. ಆ ಕಾಲ ಮತ್ತೆ ಬರಲು ಸಾಧ್ಯವೇ ಇಲ್ಲವೇ?
– ಸಾಫ್ಟ್‌ವೇರ್ ಎಂಜಿನಿಯರ್, ಸದ್ಯ ನ್ಯೂಜೆರ್ಸಿ

ಉತ್ತರ: ಆ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದನ್ನು ಹೇಳುತ್ತಿದ್ದಾರೆ. ಆದರೆ ತಮ್ಮಾ, ಆ ಕಾಲ ಮತ್ತೆ ಬಂದರೆ ಆ ಬೀದಿಯಲ್ಲಿ ನಿನಗೆ ಮನೆ ಸಿಗುತ್ತದೆಯೇ ಅಂತ ಮೊದಲು ಕೇಳಿಕೋ.

ಮೇಲೆ ಲೆವಿಟೌನ್ ವಿಷಯ ಬಂತಲ್ಲ, ಅಲ್ಲಿನ ಕರಾರಿನಲ್ಲೇ ಬರೆದಿತ್ತು, ಬಿಳಿಯರಲ್ಲದವರು ಈ ಮನೆಯಲ್ಲಿ ವಾಸಿಸುವಂತಿಲ್ಲ ಅಂತ. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಅಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ 1957ರಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟೌನ್‌ಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮಕ್ಕಳೊಂದಿಗೆ ಬಂದಾಗ ನೂರಾರು ಜನ ಮನೆ ಮುಂದೆ ಸೇರಿ ಕೂಗಾಡಿದರು, ಕಿಟಕಿಗೆ ಕಲ್ಲು ಹೊಡೆದರು. ಇದು ದಿನಗಟ್ಟಲೆ ನಡೆಯಿತು. ಕೂಗಿದವರು ಯಾರು? ನೆರೆಯವರೇ. ಬೆಂಬಲಕ್ಕೆ ನಿಂತವರೂ ನೆರೆಯವರೇ ಅನ್ನಿ, ಪಕ್ಕದ ಮನೆಯವರು ಕೊನೆತನಕ ಕೈಬಿಡಲಿಲ್ಲ. ಸೂರ್ಯ ಮುಳುಗುವುದರೊಳಗೆ ಕಪ್ಪು ಜನ ಊರು ಬಿಡಬೇಕು ಅನ್ನುವ ಊರುಗಳೂ ಇದ್ದವು, ದಕ್ಷಿಣದಲ್ಲಿ ಮಾತ್ರವಲ್ಲ, ಉತ್ತರದಲ್ಲೂ ಬೇಕಾದಷ್ಟು. ಬಾಗಿಲಿಗೆ ಬೀಗ ಇರಲಿಲ್ಲ, ನಿಜ. ಊರಿಗೇ ಬೀಗ ಇತ್ತು.

ನಮ್ಮವರ ಕತೆಯೂ ಇದೆ. ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್, ಮರ ಕೊಯ್ಯುವ ಮಿಲ್ಲುಗಳ ಸಣ್ಣ ಊರು. 1907ರ ಸೆಪ್ಟೆಂಬರ್ 4ರ ರಾತ್ರಿ ನೂರಾರು ಬಿಳಿಯ ಗಂಡಸರು ಗುಂಪು ಕಟ್ಟಿ, ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು, ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಮಲಗಿದ್ದವರನ್ನು ಎಳೆದು ಹೊಡೆದು ಊರಿನಿಂದ ಓಡಿಸಿದರು. ಕೆಲವೇ ದಿನಗಳಲ್ಲಿ ಅಲ್ಲಿ ಭಾರತೀಯರೇ ಇಲ್ಲದಂತಾಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. 1946ರಲ್ಲಿ ಆ ಬಾಗಿಲು ತೆರೆದರೂ ಹೊಸದಾಗಿ ವಲಸೆ ಹೋಗಲು ಅವಕಾಶ ವರ್ಷಕ್ಕೆ 100 ಜನರಿಗೆ ಮಾತ್ರ. 1965ರ ವಲಸೆ ಕಾನೂನು ಬಂದಮೇಲೆ ತಾನೇ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಸಾಲುಸಾಲಾಗಿ ಹೋದದ್ದು. ನಿನ್ನ ಪಕ್ಕದ ಮನೆಯ ಹಿರಿಯರ ಬಾಲ್ಯ ಯಾವ ವರ್ಷದ್ದು ಅಂತ ಒಮ್ಮೆ ಲೆಕ್ಕ ಹಾಕಿ ನೋಡು.

ಹಾಗಂತ ಆ ಜಗಲಿಯನ್ನು ಬಿಳಿಯರಿಗೇ ಬರೆದುಕೊಡುವುದೂ ಬೇಡ. ಫ್ಲೋರಿಡಾದಲ್ಲಿ ಈಟನ್‌ವಿಲ್ ಅಂತ ಊರಿದೆ, 1887ರಲ್ಲಿ ಕಪ್ಪು ಜನ ತಾವೇ ಕಟ್ಟಿಕೊಂಡದ್ದು. ಅಲ್ಲಿನ ಒಂದು ದಿನಸಿ ಅಂಗಡಿಯ ಜಗಲಿ ಊರಿನವರಿಗೆ ಪಾರ್ಲಿಮೆಂಟೂ ಹೌದು, ನಾಟಕದ ರಂಗವೂ ಹೌದು. ಬಾಲ್ಯದಲ್ಲಿ ಅಲ್ಲಿ ಕದ್ದು ಕೇಳಿದ ಕತೆಗಳು, ಒಬ್ಬರನ್ನೊಬ್ಬರು ಮೀರಿಸುವ ಸುಳ್ಳುಗಳು ಜೋರಾ ನೀಲ್ ಹರ್ಸ್ಟನ್ ಎಂಬ ಲೇಖಕಿಯ ಬರಹಕ್ಕೆಲ್ಲ ಬಂಡವಾಳವಾದವು. ಹಗಲಿಡೀ ಬೇರೆಯವರ ಕೈಕೆಳಗೆ ದುಡಿದವರು ಸಂಜೆ ತಮ್ಮದೇ ಜಾಗದಲ್ಲಿ ಕೂತು ಬಾಯಿತುಂಬ ಮಾತಾಡುತ್ತಿದ್ದರು. ಈ ಕತೆಗೆ ನನಗೂ ಕಣ್ಣು ತುಂಬುತ್ತದೆ.

ಇನ್ನೊಂದು ಮಾತು. ಯಾರ ಮನೆ ಮಗು ಯಾರ ಮನೆಯಲ್ಲಿ ಬೇಕಾದರೂ ಉಣ್ಣುತ್ತಿತ್ತು ಅಂದೆಯಲ್ಲ, ಬಡಿಸುತ್ತಿದ್ದವರು ಯಾರು? ಹೆಂಗಸರು. ಆ ನೆರೆಹೊರೆ ನಡೆಯುತ್ತಿದ್ದದ್ದು ಇಡೀ ದಿನ ಮನೆಯಲ್ಲಿದ್ದ, ಸಂಬಳವಿಲ್ಲದೆ ದುಡಿದ ಹೆಂಗಸರಿಂದ. 1950ರಲ್ಲಿ ಅಮೆರಿಕದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಷ್ಟೇ ಹೊರಗೆ ದುಡಿಯುತ್ತಿದ್ದರು, 1999ರ ಹೊತ್ತಿಗೆ ಐವರಲ್ಲಿ ಮೂವರು. ಈಗ ಮಧ್ಯಾಹ್ನ ಮೂರು ಗಂಟೆಗೆ ಬೀದಿ ಖಾಲಿ ಅಂದರೆ ಅದಕ್ಕೆ ಅಳುವುದೋ, ಖುಷಿಪಡುವುದೋ ನೀನೇ ಹೇಳು.

ಪ್ರಶ್ನೆ: ಜಗಲಿ, ನೆರೆಹೊರೆ ಅಂತ ದೊಡ್ಡವರು ಕೊಂಡಾಡುತ್ತಾರೆ. ನನಗನಿಸುವುದು ಅದೊಂದು ಸಿಸಿಟಿವಿ. ಯಾರು ಯಾರ ಜೊತೆ ಹೋದರು, ಎಷ್ಟು ಹೊತ್ತಿಗೆ ಬಂದರು ಅನ್ನುವುದೇ ಕೆಲಸ. ಅಮೆರಿಕದವರಿಗೂ ಹೀಗೇ ಅನಿಸುತ್ತಿರಲಿಲ್ಲವೇ? ಯಾರ ಕಣ್ಣಿಗೂ ಬೀಳದೆ ಬದುಕುವುದು ತಪ್ಪೇ?
– 24 ವರ್ಷದ ಯುವತಿ, ಬೆಂಗಳೂರು

ಉತ್ತರ: ತಪ್ಪೇನಿಲ್ಲ. ಅಮೆರಿಕದ ಸಣ್ಣ ಊರುಗಳಿಂದ ಲಕ್ಷಗಟ್ಟಲೆ ಹುಡುಗ ಹುಡುಗಿಯರು ನ್ಯೂಯಾರ್ಕು, ಶಿಕಾಗೋಗೆ ಓಡಿದ್ದು ಕೆಲಸಕ್ಕೆ ಅಂತ ಹೇಳುತ್ತಾರೆ. ಅರ್ಧ ಜನ ಓಡಿದ್ದು ಈ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಅಂತ ನನ್ನ ಅನುಮಾನ.

ಆದರೆ ಕಣ್ಣುಗಳಲ್ಲೂ ಬೇರೆ ಬೇರೆ ಬಗೆ ಇದೆ. ಜೇನ್ ಜೇಕಬ್ಸ್ ಅಂತ ಒಬ್ಬಾಕೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ವಾಸವಿದ್ದರು. ಬೀದಿಯ ಮೇಲೆ ಕಣ್ಣುಗಳಿದ್ದರೆ ಬೀದಿ ಸುರಕ್ಷಿತ ಅಂತ 1961ರಲ್ಲಿ ಬರೆದವರು ಅವರೇ. ಎಲ್ಲರೂ ಆ ಒಂದು ಮಾತನ್ನು ಎತ್ತಿಕೊಂಡರು, ಅವರು ಹೇಳಿದ ಇನ್ನೊಂದನ್ನು ಬಿಟ್ಟರು. ಅವರ ಬೀದಿಯ ಜನ ಊರಿಗೆ ಹೋಗುವಾಗ ಮನೆಯ ಬೀಗದ ಕೈಯನ್ನು ಅಂಗಡಿಯವನ ಹತ್ತಿರ ಕೊಟ್ಟು ಹೋಗುತ್ತಿದ್ದರು. ಯಾಕೆ ಅವನ ಹತ್ತಿರವೇ? ಅವನು ಬೀಗದ ಕೈ ಇಟ್ಟುಕೊಳ್ಳುತ್ತಾನೆ, ಯಾರು ಬರುತ್ತಿದ್ದಾರೆ, ಯಾಕೆ ಅಂತ ಕೇಳುವುದಿಲ್ಲ. ನಂಬಿಕೆ ಇದೆ, ಮೂಗು ತೂರಿಸುವುದಿಲ್ಲ. ಜೇಕಬ್ಸ್ ಹೊಗಳಿದ್ದು ಈ ನೆರೆಹೊರೆಯನ್ನು, ಅದೂ ದೊಡ್ಡ ನಗರದಲ್ಲಿ. ಸಣ್ಣ ಊರಿನ ಜಗಲಿಯನ್ನಲ್ಲ. ನೀನು ಬೇಡ ಅನ್ನುತ್ತಿರುವುದು ಮೂಗನ್ನು ತಾನೇ?

ಯಾಕೆಂದರೆ ಕಣ್ಣೇ ಬೇಡ ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಶಿಕಾಗೋ ಇದೆ. 1995ರ ಜುಲೈ. ಒಂದು ವಾರ ಬಿಸಿಗಾಳಿ, ತಾಪ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಸತ್ತವರು 739. ಅವರಲ್ಲಿ ಬಹಳಷ್ಟು ಜನ ಒಂಟಿಯಾಗಿದ್ದ ಮುದುಕರು, ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಸತ್ತವರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿದ. ನಾರ್ತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 40 ಸಾವು, ರಸ್ತೆ ದಾಟಿದರೆ ಸಿಗುವ ಸೌತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 4. ಎರಡೂ ಕಡೆ ಬಡತನವಿತ್ತು, ಒಂಟಿ ಮುದುಕರೂ ಇದ್ದರು. ಒಂದು ಕಡೆ ಕಾರ್ಖಾನೆ, ಅಂಗಡಿ ಎಲ್ಲ ಮುಚ್ಚಿ, ಜನ ಬಿಟ್ಟುಹೋಗಿ, ಪಾಳುಬಿದ್ದ ಬೀದಿ. ಇನ್ನೊಂದು ಕಡೆ ಗಿಜಿಗುಡುವ ಅಂಗಡಿ ಸಾಲು, ಮುದುಕಿಯೊಬ್ಬಳು ಸೆಕೆ ತಡೆಯದೆ ಹೊರಗೆ ಬಂದರೆ ಹೋಗಿ ಕೂರಲು ತಂಪಾದ ಜಾಗ, ಎರಡು ದಿನ ಕಾಣದಿದ್ದರೆ ಎಲ್ಲಿ ಅಂತ ಕೇಳುವ ಜನ. ಜೀವ ಉಳಿಸಿದ್ದು ಬೀದಿ.

ನಿನಗೀಗ 24. ಯಾರ ಕಣ್ಣಿಗೂ ಬೀಳದಿರುವುದು ಈಗ ಸುಖ. ಇರಲಿ, ಅನುಭವಿಸು. ಅಂಗಡಿಯವರ ಪರಿಚಯ ಮಾತ್ರ ಇಟ್ಟುಕೋ.

ಪ್ರಶ್ನೆ: ದಕ್ಷಿಣ ಕ್ಯಾರೊಲೈನಾದಲ್ಲಿ ಜಗಲಿಯ ಒಳಮಾಡಿಗೆ ತಿಳಿನೀಲಿ ಬಣ್ಣ ಬಳಿದಿದ್ದನ್ನು ನೋಡಿದೆ. ಯಾಕೆ?
– ಪ್ರವಾಸಪ್ರಿಯ, ಮೈಸೂರು

ಉತ್ತರ: ದೆವ್ವ ಓಡಿಸಲು. ಆ ಕರಾವಳಿಯಲ್ಲಿರುವ ಗುಲ್ಲಾ ಗೀಚಿ ಜನ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು. ದೆವ್ವ ನೀರು ದಾಟುವುದಿಲ್ಲ, ನೀಲಿ ಬಣ್ಣ ಕಂಡರೆ ನೀರೋ ಆಕಾಶವೋ ಅಂತ ಮೋಸಹೋಗುತ್ತದೆ ಅನ್ನುವುದು ಅವರ ನಂಬಿಕೆ. ಅಲ್ಲಿನ ತೋಟಗಳಲ್ಲಿ ನೀಲಿ ಬೆಳೆ ಬೆಳೆದು ಬೆವರು ಸುರಿಸಿದವರೂ ಅವರ ಹಿರಿಯರೇ. ಈಗ ದೆವ್ವದ ಹೆದರಿಕೆ ಇಲ್ಲದವರೂ ಚಂದಕ್ಕೆ ಬಳಿಯುತ್ತಾರೆ, ಬಣ್ಣದ ಕಂಪನಿಗಳು ‘ಹೇಂಟ್ ಬ್ಲೂ’ (ದೆವ್ವದ ನೀಲಿ) ಅನ್ನುವ ಹೆಸರಿನಲ್ಲೇ ಡಬ್ಬ ಮಾರುತ್ತವೆ.

ಪ್ರಶ್ನೆ: ಮುಂದಿನ ತಿಂಗಳು ನಾನು ಮತ್ತು ನನ್ನ ಹೆಂಡತಿ ಮಗನ ಮನೆಗೆ ಹೋಗುತ್ತಿದ್ದೇವೆ. ಹೋದ ಸಲ ನಾಲ್ಕು ಗೋಡೆಗಳ ಮಧ್ಯೆ ಕೂತು ಹುಚ್ಚು ಹಿಡಿಯುವುದೊಂದು ಬಾಕಿ. ಅಲ್ಲಿ ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳುವುದು ಹೇಗೆ? ಸುಮ್ನೆ ಹೋಗಿ ಬಾಗಿಲು ತಟ್ಟಬಹುದೇ?
– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ಸುಮ್ನೆ ಹೋಗಿ ತಟ್ಟಬೇಡಿ ಸರ್. ಹೇಳದೆ ಹೋದರೆ ಅಲ್ಲಿ ಏನೋ ಅವಘಡ ಆಗಿದೆ ಅಂದುಕೊಳ್ಳುತ್ತಾರೆ. ಅವರು ನಿಮ್ಮನ್ನು ನೋಡಿ ಅಭ್ಯಾಸ ಮಾಡಿಕೊಳ್ಳುವಂತೆ ಮಾಡಿ. ಹಿತ್ತಲಲ್ಲಿ ಕೂರುವುದು ಬಿಟ್ಟು ಮನೆಯ ಮುಂದೆ ಕೂರಿ, ದಿನಾ ಒಂದೇ ಹೊತ್ತಿಗೆ. ಸಂಜೆ ನಾಯಿ ಹಿಡಿದುಕೊಂಡು ಹೋಗುವವರು ದಿನಾ ಅದೇ ಹೊತ್ತಿಗೆ ಬರುತ್ತಾರೆ. ಮೊದಲ ವಾರ ಕೈ ಬೀಸಿ, ಸಾಕು. ಎರಡನೆಯ ವಾರ ನಾಯಿಯ ಹೆಸರು ಕೇಳಿ. ನಾಯಿಯ ಹೆಸರು ಗೊತ್ತಿದ್ದವರನ್ನು ಅಪರಿಚಿತರು ಅಂತ ಯಾರೂ ನೋಡುವುದಿಲ್ಲ. ಯಜಮಾನನ ಹೆಸರು ಗೊತ್ತಾಗಲು ಇನ್ನೂ ಒಂದು ತಿಂಗಳು ಹಿಡಿದರೂ ಪರವಾಗಿಲ್ಲ.

ಅಕ್ಟೋಬರ್ 31ಕ್ಕೆ ಅಲ್ಲೇ ಇರುತ್ತೀರಾದರೆ ಹ್ಯಾಲೊವೀನ್ ಬಿಡಬೇಡಿ. ಆ ಸಂಜೆ ಜಗಲಿಯ ದೀಪ ಹಾಕಿದರೆ ಮಕ್ಕಳು ಸಿಹಿ ಕೇಳಲು ಬರಬಹುದು ಅಂತ ಅರ್ಥ, ಆರಿಸಿದರೆ ಬರಬೇಡಿ ಅಂತ. ದೀಪ ಹಾಕಿ, ಅಂಗಡಿಯಲ್ಲಿ ಸಿಗುವ ಪೊಟ್ಟಣ ಕಟ್ಟಿದ ಚಾಕಲೇಟ್ ತಂದಿಡಿ. ಮನೆಯಲ್ಲಿ ಮಾಡಿದ ತಿಂಡಿ ಅವತ್ತು ಬೇಡ, ಮಕ್ಕಳ ಕೈಗೆ ಪೊಟ್ಟಣವಿಲ್ಲದ್ದು ಕೊಟ್ಟರೆ ತಂದೆ ತಾಯಿ ಅನುಮಾನಿಸುತ್ತಾರೆ. ಒಂದೇ ಸಂಜೆಗೆ ಇಡೀ ಬೀದಿಯ ಪರಿಚಯ. ಆಗಸ್ಟ್‌ನಲ್ಲಿ ಹೋದರೆ ಮೊದಲ ಮಂಗಳವಾರ ಹಲವು ಊರುಗಳಲ್ಲಿ ‘ನ್ಯಾಷನಲ್ ನೈಟ್ ಔಟ್’ ಅಂತ ನಡೆಯುತ್ತದೆ. ಬೀದಿಯವರು, ಪೊಲೀಸರು ಎಲ್ಲ ಹೊರಗೆ ಬಂದು ಸೇರುತ್ತಾರೆ. 1984ರಿಂದ ಇದೆ. ಟೆಕ್ಸಾಸ್‌ನಂಥ ಸೆಕೆಯ ಕಡೆ ಅಕ್ಟೋಬರ್‌ಗೆ ಇಟ್ಟುಕೊಳ್ಳುತ್ತಾರೆ. ಮಗನ ಊರಿನಲ್ಲಿ ‘ಪೋರ್ಚ್‌ಫೆಸ್ಟ್’ ಇದೆಯೇ ಅಂತಲೂ ವಿಚಾರಿಸಿ. 2007ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಶುರುವಾದದ್ದು, ಈಗ ಎಷ್ಟೋ ಊರುಗಳಿಗೆ ಹಬ್ಬಿದೆ. ಜನ ತಮ್ಮ ಜಗಲಿಗಳಲ್ಲಿ ಹಾಡುತ್ತಾರೆ, ಉಳಿದವರು ಮನೆಯಿಂದ ಮನೆಗೆ ನಡೆಯುತ್ತಾ ಕೇಳುತ್ತಾರೆ. ಟಿಕೆಟ್ ಇಲ್ಲ.

ಎಲ್ಲಕ್ಕಿಂತ ಮೊದಲು ಸಾರ್ವಜನಿಕ ಗ್ರಂಥಾಲಯ ಎಲ್ಲಿದೆ ನೋಡಿಕೊಳ್ಳಿ. ಮನೆ, ಕೆಲಸ ಎರಡೂ ಅಲ್ಲದ ಮೂರನೆಯ ಜಾಗ ಪ್ರತಿಯೊಬ್ಬರಿಗೂ ಬೇಕು ಅಂತ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಬರೆದರು. ನಿಮಗೆ ಅಲ್ಲಿ ಕೆಲಸವೂ ಇಲ್ಲ, ಮನೆಯೂ ನಿಮ್ಮದಲ್ಲ. ಹಾಗಾಗಿ ಮೂರನೆಯದು ಬೇರೆಯವರಿಗಿಂತ ನಿಮಗೇ ಜಾಸ್ತಿ ಬೇಕು. ಮಗ ಯಾಕೆ ಯಾರ ಜೊತೆಗೂ ಬೆರೆಯುವುದಿಲ್ಲ ಅಂತ ಅವನನ್ನು ಬೈಯಬೇಡಿ. ದಿನದ ಓಡಾಟ ಹತ್ತು ನಿಮಿಷ ಜಾಸ್ತಿಯಾದರೆ ಊರಿನ ಕೆಲಸಗಳಲ್ಲಿ ತೊಡಗುವುದು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ ಅಂತ ರಾಜಕೀಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2000ದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಒಂದು ಗಂಟೆ ಕಾರು ಓಡಿಸಿ ಬಂದವನಿಗೆ ಜಗಲಿಯಲ್ಲ, ಮಂಚ ಬೇಕು.

ಪ್ರಶ್ನೆ: ಜಗಲಿಯ ಕಾಲವನ್ನು ವಾಪಸ್ ತರಲೆಂದೇ ಊರುಗಳನ್ನು ಕಟ್ಟಿದ್ದಾರಂತೆ. ಅಲ್ಲಿ ಜನ ನಿಜವಾಗಿ ಕೂರುತ್ತಾರೆಯೇ? ಕೇಳಲು ಕಾರಣ, ಮಗ ಟೆಕ್ಸಾಸ್‌ನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಜಗಲಿಗೆ ಜಾಸ್ತಿ ಹಣ ಕೊಡುವುದೋ ಬೇಡವೋ ಅಂತ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ.
– ಗೃಹಿಣಿ, ಹಾಸನ

ಉತ್ತರ: ಕಟ್ಟಿದ್ದಾರೆ. ಫ್ಲೋರಿಡಾದ ಸೀಸೈಡ್, 1981ರಲ್ಲಿ ಶುರು. ವಾಸ್ತುಶಿಲ್ಪಿಗಳು ಆಂಡ್ರೆಸ್ ಡುವಾನಿ ಮತ್ತು ಎಲಿಜಬೆತ್ ಪ್ಲೇಟರ್-ಜೈಬರ್ಕ್ ದಂಪತಿ. ರಸ್ತೆ ಕಿರಿದು, ಮನೆಗಳು ರಸ್ತೆಗೆ ಹತ್ತಿರ, ಮುಂದೆ ಜಗಲಿ ಇರಲೇಬೇಕು ಅಂತ ನಿಯಮ, ಬಿಳಿ ಮರದ ಬೇಲಿ. ನೋಡಲು ಎಷ್ಟು ಅಚ್ಚುಕಟ್ಟು ಅಂದರೆ, ತನ್ನ ಊರೇ ಒಂದು ಸೆಟ್ ಅಂತ ತಿಳಿಯದೆ ಬದುಕುವವನೊಬ್ಬನ ಕತೆಯ ಹಾಲಿವುಡ್ ಚಿತ್ರವನ್ನು ಅಲ್ಲೇ ತೆಗೆದರು! ಚಂದದ ಊರಾಯಿತು, ಬೆಲೆ ಏರಿತು, ಮನೆಗಳಲ್ಲಿ ಹೆಚ್ಚಿನವು ರಜೆಗೆ ಬರುವವರಿಗೆ ಬಾಡಿಗೆಗೆ ಹೋದವು. ಕೂರುತ್ತಾರೆ, ಕೂರದೆ ಏನು. ವಾರಕ್ಕೊಬ್ಬರು ಹೊಸಬರು.

ಮಗ ಸೊಸೆಯ ಜಗಳಕ್ಕೆ ನನ್ನ ಕಡೆಯಿಂದ ಒಂದೆರಡು ಪ್ರಶ್ನೆ ಕೊಡುತ್ತೇನೆ, ಅವರೇ ಉತ್ತರ ಹುಡುಕಿಕೊಳ್ಳಲಿ. ಮನೆ ಮುಂದೆ ಫುಟ್‌ಪಾತ್ ಇದೆಯೇ, ಜನ ಅದರ ಮೇಲೆ ನಡೆಯುತ್ತಾರೆಯೇ? ಇಲ್ಲವಾದರೆ ಆ ಹಣವನ್ನು ಹಿತ್ತಲಿಗೆ ಹಾಕಿ, ಖಾಲಿ ರಸ್ತೆ ನೋಡುತ್ತಾ ಕೂರಲು ಯಾರಿಗೂ ಮನಸ್ಸು ಬರುವುದಿಲ್ಲ. ಜಗಲಿಯಲ್ಲಿ ಕೂತವರು ದನಿ ಎತ್ತದೆ ಮಾತಾಡಿದರೆ ಫುಟ್‌ಪಾತಿನಲ್ಲಿರುವವರಿಗೆ ಕೇಳಿಸುತ್ತದೆಯೇ? ಕೇಳಿಸದಷ್ಟು ದೂರ ಹುಲ್ಲುಹಾಸು ಬಿಟ್ಟಿದ್ದರೆ ಅದೂ ದಂಡ. ಎರಡು ಮೂರು ಮೆಟ್ಟಿಲು ಎತ್ತರ ಇದ್ದರೆ ಒಳ್ಳೆಯದು, ಫುಟ್‌ಪಾತಿನಲ್ಲಿ ನಿಂತವರ ಕಣ್ಣೂ ಜಗಲಿಯಲ್ಲಿ ಕೂತವರ ಕಣ್ಣೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಟೆಕ್ಸಾಸ್ ಬೇರೆ, ಪಡುವಣ ಬಿಸಿಲಿಗೆ ಮುಖ ಮಾಡಿದ ಜಗಲಿಯಾದರೆ ಸಂಜೆ ಹೊತ್ತು ಕಾಲಿಡಲೂ ಆಗದು. ಮೇಲೊಂದು ಫ್ಯಾನ್ ಬೇಕೇ ಬೇಕು. ಬಡಾವಣೆಯ ಸಂಘದ ನಿಯಮ ಪುಸ್ತಕವನ್ನು ಸಹಿ ಹಾಕುವ ಮೊದಲು ಓದಲಿ, ಜಗಲಿ ಮೇಲೆ ಏನಿಡಬಹುದು, ಯಾವ ಬಣ್ಣ ಬಳಿಯಬಹುದು ಅನ್ನುವುದಕ್ಕೂ ಕೆಲವು ಕಡೆ ನಿಯಮ ಇರುತ್ತದೆ.

ಆಳ ಮಾತ್ರ ಆರು ಅಡಿಗೆ ಕಡಿಮೆ ಬೇಡ, ಬಿಲ್ಡರ್ ಎಷ್ಟೇ ಪುಸಲಾಯಿಸಲಿ. ಜೋಕಾಲಿ ತೂಗುಹಾಕುವ ಆಸೆ ನಿಮ್ಮ ಸೊಸೆಗಿದ್ದರೆ ಆರೂ ಸಾಲದು, ಎಂಟು ಅಡಿ ಕೇಳಲಿ.